ಎರೆನೆಲದ ಹಾದಿಯಲ್ಲಿ ಪಿಕಪ್ ಗಾಡಿ

ಹಿಂದಿನ ಕಾಲದಲ್ಲಿ ರೈತನ ಮನೆಯ ಅನುಕೂಲವನ್ನು ಅವನ ಕೊಟ್ಟಿಗೆಯಿಂದ ಅಳೆಯುತ್ತಿದ್ದರು. ಎಷ್ಟು ಜೋಡಿ ಎತ್ತುಗಳಿವೆ, ಎಷ್ಟು ಚಕ್ಕಡಿಗಳಿವೆ ಎಂದು ವಿಚಾರಿಸಿದರೆ ಮನೆತನದ ಸ್ಥಿತಿಯು ತಿಳಿಯುತ್ತಿತ್ತು. ಕನ್ಯೆಯನ್ನು ಕೊಡುವವರು ಕೂಡ ಮೊದಲು ಕೊಟ್ಟಿಗೆಯ ಕಡೆಗೇ ಕಣ್ಣು ಹಾಯಿಸುತ್ತಿದ್ದರು. ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಲ್ಲಿ ಎಲ್ಲಿಗೇ ಹೋಗಲಿ, ಮನೆಯ ಮುಂದೆ ನಿಂತಿರುವ ಪಿಕಪ್ ಗಾಡಿಯು ಆ ಸ್ಥಾನವನ್ನು ಪಡೆದಿರುವದು. ಹೊಲಕ್ಕೆ ಗೊಬ್ಬರವನ್ನೂ ಕಬ್ಬಿನ ಬೀಜವನ್ನೂ ಒಯ್ಯಲಿಕ್ಕೆ ಅದೇ ಬೇಕು. ಮಹಾಲಿಂಗಪುರದ ಪೇಟೆಗೆ ಬೆಲ್ಲದ ಪೆಂಟೆಗಳನ್ನು ಸಾಗಿಸಲಿಕ್ಕೆ ಅದೇ ಬೇಕು. ರಬಕವಿ-ಬನಹಟ್ಟಿಯ ನೇಕಾರನಿಗೆ ನೂಲು ತರಲಿಕ್ಕೂ ಸೀರೆಯ ಗಂಟುಗಳನ್ನು ಕಳಿಸಲಿಕ್ಕೂ ಅದೇ ಬೇಕು. ಜಾತ್ರೆಗೆ ಹೋಗುವದೂ ಅದರಲ್ಲಿಯೇ, ರಾತ್ರಿ ಹೆರಿಗೆಯ ನೋವು ತೋರಿದ ಸೊಸೆಯನ್ನು ದವಾಖಾನೆಗೆ ಕರೆದೊಯ್ಯುವದೂ ಅದರಲ್ಲಿಯೇ.

ಇಂಥ ಗಾಡಿಯೊಂದಕ್ಕೆ ಎಂಟು ಹತ್ತು ಲಕ್ಷ ರೂಪಾಯಿ ಬೀಳುವದು. ಬಹುಜನರು ಇದನ್ನು ಸಾಲದಿಂದಲೇ ಕೊಳ್ಳುವರು. ಕೆಲವರು ಮನೆಯ ಹೆಣ್ಣುಮಕ್ಕಳ ಬಂಗಾರವನ್ನು ಒತ್ತೆಯಿಟ್ಟು ಮುಂಗಡ ಕೊಡುವರು. ಗಾಡಿ ನಿಂತರೂ ತಿಂಗಳ ಕಂತು ನಿಲ್ಲುವದಿಲ್ಲ. ಹೀಗಿರಲು, ಕೊಳ್ಳುವ ಮೊದಲು ಗೃಹಸ್ಥರು ಏನನ್ನು ವಿಚಾರಿಸುವರು? ಬೆಲೆ ಎಷ್ಟು, ಕಂತು ಎಷ್ಟು, ಅಶ್ವಶಕ್ತಿ ಎಷ್ಟು, ಒಂದು ಲೀಟರಿಗೆ ಎಷ್ಟು ಹರದಾರಿ ಓಡುವದು—ಇಷ್ಟೇ. ಎಂಜಿನಿನಲ್ಲಿ ಹುಟ್ಟಿದ ಶಕ್ತಿಯು ಗಾಲಿಯ ವರೆಗೆ ಯಾವ ದಾರಿಯಿಂದ ಬರುವದು, ನಮ್ಮ ನೆಲದ ಮೇಲೆ ಅದು ಹೇಗೆ ವರ್ತಿಸುವದು ಎಂಬುದನ್ನು ಕೇಳುವವರು ವಿರಳ. ಆದರೆ ನಮ್ಮ ಭಾಗದಲ್ಲಿ ಗಾಡಿಗಳು ಹೆಚ್ಚಾಗಿ ಕೆಡುವದು ಎಂಜಿನಿನಲ್ಲಿ ಅಲ್ಲ, ಎಂಜಿನಿಗೂ ಗಾಲಿಗೂ ನಡುವಿನ ಕೊಂಡಿಗಳಲ್ಲಿ. ಆದುದರಿಂದ ಆ ವಿಷಯವನ್ನು ವಾಚಕರ ಮುಂದೆ ತುಸು ವಿಸ್ತಾರವಾಗಿ ಇಡಬೇಕೆಂದು ಬಯಸುತ್ತೇವೆ.

ಮೊದಲು ಈ ವಾಹನದ ವಂಶವನ್ನು ಸಂಕ್ಷೇಪವಾಗಿ ನೋಡುವಾ. ಜಮಖಂಡಿ ಮುಧೋಳಗಳು ಸಂಸ್ಥಾನಗಳಾಗಿದ್ದ ಕಾಲದಲ್ಲಿ, ಅಂದರೆ 1948ರ ವರೆಗೆ, ಮೋಟಾರು ಎಂಬುದು ಅರಸರ ಮತ್ತು ಶ್ರೀಮಂತರ ಸೊತ್ತಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕೆಯ ಸೈನ್ಯವು ಬಳಸಿದ ಜೀಪು ನಾಲ್ಕೂ ಗಾಲಿಗಳಿಂದ ಎಳೆಯತಕ್ಕ ಚಿಕ್ಕ ಗಾಡಿಯನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟಿತು. 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯು ಯುದ್ಧಾನಂತರ ಅದೇ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. 2000ನೆಯ ಇಸವಿಯಲ್ಲಿ ಬಂದ ಬೊಲೆರೊ ಆ ಸಂಸ್ಥೆಯದೇ. ಅದೇ ಹೆಸರಿನ ಪಿಕಪ್ ಇಂದು ನಮ್ಮ ಹಳ್ಳಿಹಳ್ಳಿಯಲ್ಲಿ ಕಾಣುವದು. 2005ರಲ್ಲಿ ಟಾಟಾ ಸಂಸ್ಥೆಯ ಏಸ್ ಬಂದಿತು. ಜನರು ಅದಕ್ಕೆ ಪ್ರೀತಿಯಿಂದ ಛೋಟಾ ಹಾಥಿ ಎಂದು ಹೆಸರಿಟ್ಟರು. ನಾಲ್ಕೂ ಗಾಲಿಗಳಿಂದ ನಡೆಯಬಲ್ಲ ಭಾರಿ ಪಿಕಪ್ಪುಗಳ ಪೈಕಿ 2016ರಲ್ಲಿ ಇಸುಝು ಸಂಸ್ಥೆಯ ವಿ-ಕ್ರಾಸ್, 2022ರಲ್ಲಿ ಟೊಯೋಟಾ ಸಂಸ್ಥೆಯ ಹೈಲಕ್ಸ್ ನಮ್ಮ ದೇಶದ ಪೇಟೆಗೆ ಇಳಿದವು. ಬೊಲೆರೊ ಪಿಕಪ್ಪಿನ ಎಂಜಿನು ಸುಮಾರು 75 ಅಶ್ವಶಕ್ತಿಯದು. ಹೈಲಕ್ಸಿನದು 200ಕ್ಕೂ ಮೇಲೆ. ಅಶ್ವಶಕ್ತಿಯ ಈ ಅಂತರವನ್ನು ನೋಡಿ ತರುಣರು ಮರುಳಾಗುವದು ಸಹಜ. ಆದರೆ ಕರ್ಣನ ರಥಕ್ಕೆ ಕುದುರೆಗಳ ಕೊರತೆಯಿತ್ತೇ? ಏರಿದವನ ಪರಾಕ್ರಮದಲ್ಲಿ ನ್ಯೂನತೆಯಿತ್ತೇ? ನೆಲವು ಗಾಲಿಯನ್ನು ಹಿಡಿಯಿತು. ಅಲ್ಲಿಗೆ ಎಲ್ಲವೂ ಮುಗಿಯಿತು.

ನಮ್ಮ ನೆಲದ ಗುಣವು ಅಂಥದೇ. ಕೃಷ್ಣೆ ಘಟಪ್ರಭೆಗಳ ದಂಡೆಯ ಎರೆಮಣ್ಣು ಬೆಳೆಗೆ ತಾಯಿ, ಗಾಲಿಗೆ ವೈರಿ. ಈ ಮಣ್ಣಿನ ಅತಿಸೂಕ್ಷ್ಮವಾದ ಕಣಗಳು ನೀರನ್ನು ಹೀರಿ ಉಬ್ಬುವವು. ಒಣಗಿದಾಗ ಕುಗ್ಗಿ ನೆಲವು ಬಿರಿಯುವದು. ಒಣಗಿದ ಎರೆಯು ಕಲ್ಲಿನಂತೆ ಗಟ್ಟಿ. ಒಂದು ಹದದ ಮಳೆ ಬಿದ್ದರೆ ಸಾಕು, ಮೇಲೆ ಬೆಣ್ಣೆ, ಕೆಳಗೆ ಅಂಟು. ಅದು ಟೈರಿನ ಗೀರುಗಳಲ್ಲಿ ತುಂಬಿಕೊಂಡು, ಹೊಸ ಟೈರನ್ನು ಕೂಡ ಬೋಳು ಟೈರಿನಂತೆ ಮಾಡಿಬಿಡುವದು. ಅಲ್ಲದೆ, ನೀರಾವರಿಯಾದಂದಿನಿಂದ ಹೊಲದ ದಾರಿಗಳು ಮಳೆಗಾಲ ಕಳೆದರೂ ಪೂರ್ಣ ಒಣಗುವದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರಾಕ್ಟರಿನ ಭಾರವಾದ ಟ್ರೇಲರುಗಳು ಅದೇ ದಾರಿಯಲ್ಲಿ ಮೊಣಕಾಲುದ್ದದ ಜಾಡು ಕೊರೆಯುವವು. ಬೀಳಗಿಯ ಕಡೆಗೆ ಹೋದರೆ ಇನ್ನೊಂದು ಬಗೆ: ಅಲ್ಲಿ ಗುಡ್ಡ, ಗರಸು, ಕಲ್ಲು. ಒಂದೇ ಗಾಡಿಯು ಒಂದೇ ದಿನದಲ್ಲಿ ಡಾಂಬರು, ಗರಸು, ರಾಡಿ ಈ ಮೂರನ್ನೂ ತುಳಿಯಬೇಕಾಗುವದು.

ರಾಡಿಯಲ್ಲಿ ಸಿಕ್ಕ ಪಿಕಪ್ಪನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಹಿಂದಿನ ಒಂದು ಗಾಲಿ ಬುಗುರಿಯಂತೆ ಗರಗರನೆ ತಿರುಗಿ ರಾಡಿಯನ್ನು ಚಿಮ್ಮುತ್ತಿರುವದು. ಅದರ ಜೊತೆಯ ಗಾಲಿ ಗಟ್ಟಿ ನೆಲದ ಮೇಲಿದ್ದರೂ ಅಲುಗಾಡದೆ ನಿಂತಿರುವದು. ನೋಡಿದವರು ಗಾಡಿಯಲ್ಲಿ ದೋಷವಿದೆ ಎಂದುಕೊಳ್ಳುವರು. ಅದು ದೋಷವಲ್ಲ, ರಚನೆಯ ಸ್ವಭಾವ. ಇದನ್ನು ತಿಳಿಯಲಿಕ್ಕೆ ನಮ್ಮ ಕಣವನ್ನೇ ನೆನೆಯಬಹುದು. ಹಂತಿ ಕಟ್ಟಿದಾಗ ಎತ್ತುಗಳು ಮೇಟಿಯ ಸುತ್ತ ತಿರುಗುವವಷ್ಟೆ. ಈ ಮೇಟಿಗೆ ಸಂಸ್ಕೃತದಲ್ಲಿ ಮೇಧಿ ಎಂದು ಹೆಸರು. ಮೇಟಿಯ ಮಗ್ಗುಲಿನ ಎತ್ತು ಸಣ್ಣ ಸುತ್ತು ಹಾಕುವದು. ಹೊರಗಿನ ಎತ್ತು ಅಷ್ಟೇ ವೇಳೆಯಲ್ಲಿ ದೊಡ್ಡ ಸುತ್ತನ್ನು ನಡೆಯಬೇಕಾಗುವದು. ಗಾಡಿಯು ತಿರುವಿನಲ್ಲಿ ಹೊರಳುವಾಗ ಒಳಗಿನ ಗಾಲಿಗೂ ಹೊರಗಿನ ಗಾಲಿಗೂ ಇದೇ ಭೇದ ಉಂಟಾಗುವದು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಗಾಲಿ ನೆಲವನ್ನು ಉಜ್ಜುತ್ತ ಎಳೆದಾಡಬೇಕಾಗುವದು. ಟೈರು ಸವೆದು ಅಚ್ಚು ತಿರುಚುವದು. ಆದುದರಿಂದ ಹಿಂದಿನ ಅಚ್ಚಿನ ನಡುವೆ, ಕುಂಬಳಕಾಯಿಯಂತೆ ಉಬ್ಬಿದ ಹೌಸಿಂಗಿನೊಳಗೆ, ಡಿಫರೆನ್ಶಿಯಲ್ ಎಂಬ ಹಲ್ಲುಗಾಲಿಗಳ ಸಮೂಹವನ್ನು ಇಟ್ಟಿರುವರು. ಅದು ಎರಡೂ ಗಾಲಿಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗುವ ಸ್ವಾತಂತ್ರ್ಯವನ್ನು ಕೊಡುವದು.

ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಬೆಲೆಯುಂಟು. ಡಿಫರೆನ್ಶಿಯಲ್ಲು ಎರಡೂ ಕಡೆಗೆ ಸಮನಾದ ತಿರುಗುಬಲವನ್ನೇ ಹಂಚಬಲ್ಲದು. ನೊಗದ ಎರಡು ತುದಿಯ ಎತ್ತುಗಳಲ್ಲಿ ಒಂದು ರಾಡಿಯಲ್ಲಿ ಜಾರಿ ಎಳೆಯಲಾರದೆ ಹೋದರೆ, ಇನ್ನೊಂದು ಎಷ್ಟು ಬಲಿಷ್ಠವಾಗಿದ್ದರೂ ನೊಗವು ವಾರೆಯಾಗುವದೇ ಹೊರತು ಚಕ್ಕಡಿ ಮುಂದೆ ಸಾಗುವದಿಲ್ಲ. ಅದರಂತೆ, ಜಾರುವ ಗಾಲಿಗೆ ಎಷ್ಟು ಅಲ್ಪ ಬಲ ಸಾಕಾಗುವದೋ, ಗಟ್ಟಿ ನೆಲದ ಗಾಲಿಗೂ ಅಷ್ಟೇ ದೊರೆಯುವದು. ಚಾಲಕನು ಸಿಟ್ಟಿನಿಂದ ಎಕ್ಸಲರೇಟರನ್ನು ಒತ್ತಿದಷ್ಟೂ ಜಾರುವ ಗಾಲಿ ಆಳಕ್ಕೆ ಇಳಿಯುವದು. 75 ಅಶ್ವಶಕ್ತಿಯಿದ್ದರೂ ಅಷ್ಟೇ, 200 ಇದ್ದರೂ ಅಷ್ಟೇ.

ಇಲ್ಲಿ ಪಿಕಪ್ಪಿನ ಇನ್ನೊಂದು ವೈಚಿತ್ರ್ಯವನ್ನೂ ಹೇಳಬೇಕು. ಸಾಮಾನ್ಯ ಪಿಕಪ್ಪಿನಲ್ಲಿ ಎಂಜಿನು ಮುಂದೆ, ಎಳೆಯುವ ಗಾಲಿಗಳು ಹಿಂದೆ. ಸರಕು ಹೇರಿದಾಗ ಹಿಂಭಾಗದ ಭಾರವು ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯುವದು. ಬರಿಗಾಡಿಯಾದರೆ ಹಿಂಭಾಗ ಹಗುರ; ದಪ್ಪ ಪಾಟಾಗಳು ಭಾರಕ್ಕಾಗಿ ಮಾಡಿದವಾದ್ದರಿಂದ ಬಾಗದೆ ಕುಪ್ಪಳಿಸುವವು. ಪೇಟೆಗೆ ಮಾಲು ಒಯ್ಯುವಾಗ ಸುಖವಾಗಿ ಹೋದ ಗಾಡಿಯು ಬರಿದಾಗಿ ಮರಳುವಾಗ ಅದೇ ದಾರಿಯಲ್ಲಿ ಸಿಕ್ಕಿಕೊಳ್ಳುವದಕ್ಕೂ, ಮಳೆಯಲ್ಲಿ ಡಾಂಬರಿನ ಮೇಲೆ ಬಾಲ ತಿರುವುವದಕ್ಕೂ ಇದೇ ಕಾರಣ. ಮಳೆಗಾಲದಲ್ಲಿ ಹಿಂದಿನ ಅಚ್ಚಿನ ನೇರಕ್ಕೆ ನಾಲ್ಕಾರು ಉಸುಕಿನ ಚೀಲಗಳನ್ನು ಅಲುಗಾಡದಂತೆ ಕಟ್ಟಿ ಇಟ್ಟರೆ ಬಹಳಷ್ಟು ಅನುಕೂಲವಾಗುವದು.

ಹಾಗಾದರೆ ನಾಲ್ಕೂ ಗಾಲಿಗಳಿಂದ ಎಳೆಯುವ ಗಾಡಿಯನ್ನೇ ಕೊಂಡರಾಯಿತಲ್ಲ ಎಂದು ವಾಚಕರು ಕೇಳಬಹುದು. ಬೊಲೆರೊ ಪಂಗಡದಲ್ಲಿಯೂ ಅಂಥ ಮಾದರಿಗಳುಂಟು. ವಿ-ಕ್ರಾಸ್, ಹೈಲಕ್ಸುಗಳಲ್ಲಿ ಅದೇ ಮುಖ್ಯ ಗುಣ. ಇವುಗಳಲ್ಲಿ ಗೇರಿನ ಪೆಟ್ಟಿಗೆಯ ಹಿಂದೆ ಇನ್ನೊಂದು ಚಿಕ್ಕ ಪೆಟ್ಟಿಗೆಯಿದ್ದು, ಅದು ಬೇಕಾದಾಗ ಮುಂದಿನ ಅಚ್ಚಿಗೂ ಶಕ್ತಿಯನ್ನು ಕಳಿಸುವದು. ಅದರಲ್ಲಿಯೇ ನಿಧಾನದ ಗೇರು ಒಂದಿರುವದು. ಅದನ್ನು ಹಾಕಿದರೆ ವೇಗ ಕುಂದಿ ಗಾಲಿಯ ಬಲ ಸುಮಾರು ಎರಡೂವರೆ ಪಟ್ಟು ಹೆಚ್ಚುವದು. ಕಡಿದಾದ ಇಳಿಜಾರಿನಲ್ಲಿ ಬ್ರೇಕನ್ನು ಕಾಯಿಸದೆ ಇಳಿಯಲಿಕ್ಕೂ ಇದು ಸಾಧನ. ಆದರೂ ಮುಂದೆ ಒಂದು ಗಾಲಿ, ಹಿಂದೆ ಒಂದು ಗಾಲಿ ಜಾರಿದರೆ ನಾಲ್ಕು ಗಾಲಿಯ ಗಾಡಿ ಕೂಡ ನಿಲ್ಲುವದೇ. ಅದಕ್ಕಾಗಿ ಹೈಲಕ್ಸಿನಂಥ ಗಾಡಿಗಳಲ್ಲಿ ಹಿಂದಿನ ಡಿಫರೆನ್ಶಿಯಲ್ಲಿಗೆ ಬೀಗ ಹಾಕುವ ಗುಂಡಿಯನ್ನು ಇಟ್ಟಿರುವರು. ಬೀಗ ಹಾಕಿದಾಗ ಎರಡೂ ಗಾಲಿಗಳು ಒಂದಾಗಿ ತಿರುಗುವವು. ಗಟ್ಟಿ ನೆಲ ಸಿಕ್ಕ ಕೂಡಲೇ ಅದನ್ನು ತೆಗೆಯತಕ್ಕದ್ದು. ಬೇರೆ ಕೆಲವು ಗಾಡಿಗಳಲ್ಲಿ ಜಾರುವ ಗಾಲಿಯನ್ನು ಬ್ರೇಕು ತಾನಾಗಿಯೇ ಹಿಡಿದು, ಬಲವು ಇನ್ನೊಂದಕ್ಕೆ ಹೋಗುವಂತೆ ಮಾಡುವದು.

ಈ ಜಾತಿಯ ಪಿಕಪ್ಪುಗಳ ಬಹುದೊಡ್ಡ ಗುಟ್ಟನ್ನು ಮಾರುವವನು ಪ್ರಾಯಶಃ ಹೇಳುವದಿಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಡಿಫರೆನ್ಶಿಯಲ್ ಇರುವದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ನಡೆಯುವವು. ರಾಡಿಯಲ್ಲಾದರೆ ಗಾಲಿ ತುಸು ಜಾರಿ ಆ ಅಂತರವನ್ನು ಸರಿದೂಗಿಸುವದು. ಒಣ ಡಾಂಬರಿನ ಮೇಲೆ ಜಾರಲಿಕ್ಕೆ ಎಡೆಯಿಲ್ಲ; ಆಗ ಆ ತಿರುಚು ಹುರಿಗೊಂಡ ಹಗ್ಗದಂತೆ ಶಾಫ್ಟುಗಳಲ್ಲಿ ಕೂಡಿಕೊಳ್ಳುತ್ತ ಹೋಗುವದು. ಸ್ಟೇರಿಂಗು ಬಿಗಿಯಾಗುವದು, ಗಾಡಿ ತಡವರಿಸುವದು, ಗೇರಿನ ಕೋಲು ಮರಳಿ ಬರಲೊಲ್ಲದು. ಬಲವಂತ ಮಾಡಿದರೆ ಹಲ್ಲು ಮುರಿಯುವದು. ನೇರವಾಗಿ ಹತ್ತಿಪ್ಪತ್ತು ಮಾರು ಹಿಂದಕ್ಕೆ ನಡೆಸಿದರೆ ತಿರುಚು ಬಿಚ್ಚಿ ಕೋಲು ಸಲೀಸಾಗಿ ಬರುವದು. ರಾಡಿ ಮುಗಿದಲ್ಲಿಗೆ ನಾಲ್ಕು ಗಾಲಿಯ ಕೆಲಸವೂ ಮುಗಿಯಿತೆಂದು ಚಾಲಕನು ನೆನಪಿಡಬೇಕು. ಇದಕ್ಕೆ ಪ್ರತಿಯಾಗಿ, ವರ್ಷದಲ್ಲಿ ಒಮ್ಮೆಯೂ ಮುಂದಿನ ಅಚ್ಚನ್ನು ಜೋಡಿಸದೆ ಇರುವದೂ ಸರಿಯಲ್ಲ. ಎಣ್ಣೆ ಕಾಣದ ಭಾಗಗಳು ಹಿಡಿದುಕೊಂಡು, ಬೇಕಾದ ದಿನ ಕೈಕೊಡುವವು. ತಿಂಗಳಿಗೊಮ್ಮೆ ಮಣ್ಣಿನ ಹಾದಿಯಲ್ಲಿ ಕೆಲಹೊತ್ತು ಹಾಗೆ ನಡೆಸುವದು ಒಳ್ಳೆಯದು.

ಈ ಗಾಡಿಗಳ ಬೆಲೆ ಸಾಮಾನ್ಯ ಪಿಕಪ್ಪಿನ ಮೂರು ಪಟ್ಟಿನಷ್ಟು ಆಗಬಹುದು, ಬಿಡಿಭಾಗಗಳೂ ತುಟ್ಟಿ. ವರ್ಷದಲ್ಲಿ ನಾಲ್ಕಾರು ದಿನ ರಾಡಿಯಲ್ಲಿ ಸಿಕ್ಕುವ ಗೃಹಸ್ಥನಿಗೆ ಅಷ್ಟು ಹಣವನ್ನು ಗಾಲಿಗೆ ಕಟ್ಟುವದು ಅನವಶ್ಯಕವೆಂದು ನಮ್ಮ ಅಭಿಪ್ರಾಯ. ಸಿಕ್ಕಾಗ ಎಕ್ಸಲರೇಟರು ಒತ್ತದೆ ಇಳಿದು, ಗಾಲಿಯ ಮುಂದಿನ ರಾಡಿಯನ್ನು ಸಲಿಕೆಯಿಂದ ತೆಗೆದು, ಕಬ್ಬಿನ ರವದಿಯನ್ನೋ ಗರಸನ್ನೋ ಹಾಕಿ, ಎರಡನೆಯ ಗೇರಿನಲ್ಲಿ ಮೆಲ್ಲಗೆ ಎಬ್ಬಿಸಿದರೆ ಬಹುತರ ಗಾಡಿಗಳು ಹೊರಬರುವವು. ಸಲಿಕೆಯೂ ಹಗ್ಗವೂ ಗಾಡಿಯಲ್ಲಿ ಸದಾ ಇರಲಿ. ದಿನನಿತ್ಯವೂ ರಾಡಿ ಗುಡ್ಡಗಳಲ್ಲಿಯೇ ದುಡಿಯಬೇಕಾದವರಿಗೆ ಮಾತ್ರ ನಾಲ್ಕು ಗಾಲಿಯ ಎಳೆತವು ತನ್ನ ಬೆಲೆಯನ್ನು ತಾನೇ ತೀರಿಸುವದು.

ಇನ್ನು ಬಾಳಿಕೆಯ ವಿಚಾರ. ನಮ್ಮಲ್ಲಿ ಪಿಕಪ್ಪಿಗೆ ಮೂವರು ಶತ್ರುಗಳು: ಅತಿಭಾರ, ನೀರು, ಅಜ್ಞಾನ. ಗಾಡಿಯ ಹೆಸರಿನಲ್ಲಿಯೇ 1.3, 1.7, 2 ಟನ್ ಎಂದು ಭಾರದ ಮಿತಿಯನ್ನು ಸೂಚಿಸಿರುವ ಮಾದರಿಗಳುಂಟು. ಆದರೂ ತೊಟ್ಟಿಯಲ್ಲಿ ಹಿಡಿಸಿದ್ದನ್ನೆಲ್ಲ ಹೇರುವ ರೂಢಿ ಬಲವಾಗಿರುವದು. ಹಾಗೆ ಹೇರಿದಾಗ ಎಂಜಿನು ಗುರುಗುಟ್ಟುತ್ತಲಾದರೂ ಎಳೆದೇ ಎಳೆಯುವದು. ಅದನ್ನು ನೋಡಿ ಮಾಲಕನು ಹೆಮ್ಮೆಪಡುವನು. ಆದರೆ ಆ ಎಳೆತವೆಲ್ಲ ಕ್ಲಚ್ಚಿನ ಫಲಕದ ಮೇಲೆ, ಉದ್ದ ಶಾಫ್ಟಿನ ತುದಿಯ ಕ್ರಾಸಿನ ಮೇಲೆ, ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ನಿನ ಮೇಲೆ ಬೀಳುವದು. ರಾಡಿಯಲ್ಲಿ ಗರಗರ ತಿರುಗುತ್ತಿದ್ದ ಗಾಲಿಗೆ ಫಕ್ಕನೆ ಗಟ್ಟಿ ನೆಲ ಸಿಕ್ಕಾಗ ಬೀಳುವ ಪೆಟ್ಟು ಎಲ್ಲಕ್ಕಿಂತ ಕೆಟ್ಟದ್ದು. ಕ್ರೌನ್ ಪಿನಿಯನ್ನು ಮುರಿಯುವದು ಇಂಥ ಗಳಿಗೆಯಲ್ಲಿಯೇ. ಗಾಡಿಯು ಮೊದಲು ಎಚ್ಚರಿಕೆ ಕೊಡದೆ ಇರುವದಿಲ್ಲ: ಹೊರಡುವಾಗ ಕೆಳಗಿನಿಂದ 'ಟಕ್' ಎಂಬ ಸಪ್ಪಳ ಬಂದರೆ ಕ್ರಾಸನ್ನು ನೋಡಿಸಬೇಕು, ವೇಗದಲ್ಲಿ ಹಿಂದಿನಿಂದ ದುಂಬಿಯ ಮೊರೆತದಂಥ ಸಪ್ಪಳ ಕೇಳಿದರೆ ಹೌಸಿಂಗಿನ ಎಣ್ಣೆಯನ್ನು ನೋಡಿಸಬೇಕು. ಚಕ್ಕಡಿಯ ಕಾಲದಲ್ಲಿ ನಮ್ಮ ಹಿರಿಯರು ಕೀಲೆಣ್ಣೆ ಹಾಕದೆ ಪ್ರಯಾಣಕ್ಕೆ ಹೊರಡುತ್ತಿರಲಿಲ್ಲ. ಇಂದು ಎಂಜಿನಿನ ಎಣ್ಣೆಯನ್ನು ನೆನಪಿನಿಂದ ಬದಲಿಸುವವರು ಕೂಡ ಅಚ್ಚಿನ ಎಣ್ಣೆಯನ್ನು ಮರೆಯುವರು.

ನೀರಿನ ವಿಷಯವು ಇನ್ನೂ ಗಂಭೀರವಾದದ್ದು. ಹತ್ತಾರು ಹರದಾರಿ ಓಡಿದ ಅಚ್ಚು ಬಿಸಿಯಾಗಿರುವದು. ಅದರ ಒಳಗಿನ ಗಾಳಿ ಹಿಗ್ಗಿ ಕುಗ್ಗಲೆಂದು ಮೇಲೆ ಒಂದು ಚಿಕ್ಕ ರಂಧ್ರವನ್ನಿಟ್ಟಿರುವರು. ಗ್ಯಾರೇಜಿನವರು ಅದಕ್ಕೆ ಬ್ರೀದರ್ ಎನ್ನುವರು. ಬಿಸಿಯಾದ ಅಚ್ಚು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗಿ, ರಂಧ್ರದಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆ ಹೀರುವದು. ಆಗ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿ ಬೇರಿಂಗುಗಳು ತುಕ್ಕು ಹಿಡಿಯುವವು. ಗಾಡಿ ಅಂದು ನಿಲ್ಲುವದಿಲ್ಲ; ಎರಡು ಮೂರು ತಿಂಗಳ ಮೇಲೆ ನಿಲ್ಲುವದು. ಆದುದರಿಂದ ಅಚ್ಚು ಮುಳುಗುವಷ್ಟು ನೀರು ದಾಟಿದ ಗಾಡಿಯ ಅಚ್ಚಿನ ಎಣ್ಣೆಯನ್ನು ಆ ವಾರದಲ್ಲಿಯೇ ನೋಡಿಸಬೇಕು. ಎಂಜಿನಿನ ಗಾಳಿಯ ಬಾಯಿಗೆ ನೀರು ಹೊಕ್ಕರಂತೂ ಕ್ಷಣದಲ್ಲಿ ಅನಾಹುತ. ನೀರು ಗಾಳಿಯಂತೆ ಅದುಮಿಕೊಳ್ಳುವದಿಲ್ಲವಾದ್ದರಿಂದ ಒಳಗಿನ ಕನೆಕ್ಟಿಂಗ್ ರಾಡುಗಳು ಬಾಗುವವು. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮರಳಿ ಸ್ಟಾರ್ಟು ಮಾಡುವದು ಸರ್ವಥಾ ಕೂಡದು.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಮ್ಮೆಲೆ ಉಕ್ಕಿ ಬಾಗಲಕೋಟೆ ಜಿಲ್ಲೆಯ ಊರುಗಳನ್ನು ಮುಳುಗಿಸಿದ್ದನ್ನು ಯಾರೂ ಮರೆತಿರಲಾರರು. ಹೊಳೆಯ ತಗ್ಗು ಸೇತುವೆಗಳ ಮೇಲೆ ನೀರು ಹರಿಯುವಾಗ, ಎತ್ತರದ ಗಾಡಿ, ನಾಲ್ಕು ಗಾಲಿಯ ಎಳೆತ ಎಂಬ ಧೈರ್ಯದಿಂದ ನುಗ್ಗುವವರುಂಟು. ಹೈಲಕ್ಸಿಗೆ 700 ಮಿಲಿಮೀಟರು ಆಳದ ನೀರು ದಾಟುವ ಶಕ್ತಿಯಿದೆ ಎಂದು ಹೇಳುವರು. ಆದರೆ ಅದು ನಿಂತ ನೀರಿನ ಮಾತು. ಹರಿಯುವ ನೀರು ಎರಡು ಅಡಿಯಿದ್ದರೆ ಪಿಕಪ್ಪನ್ನು ಕೂಡ ತೇಲಿಸಿ ಒಯ್ಯಬಲ್ಲದು. ಗಾಲಿ ನೆಲವನ್ನು ಬಿಟ್ಟ ಮೇಲೆ ಎರಡು ಗಾಲಿಯ ಎಳೆತವೂ ಒಂದೇ, ನಾಲ್ಕು ಗಾಲಿಯದೂ ಒಂದೇ. ಸುತ್ತು ದಾರಿಯಿಂದ ಎರಡು ತಾಸು ತಡವಾಗಬಹುದು. ಮನೆಯವರು ಎರಡು ತಾಸು ಕಾಯಲಿ, ಜನ್ಮವಿಡೀ ಕಾಯುವಂತಾಗದಿರಲಿ.

ಮೂರನೆಯ ಶತ್ರುವಾದ ಅಜ್ಞಾನವು ಈಚಿನ ಗಾಡಿಗಳಲ್ಲಿ ಹೊಸ ರೂಪದಿಂದ ಕಾಡುವದು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ಎಂಬ ಹೊಗೆಯ ನಿಯಮವು ಜಾರಿಗೆ ಬಂದಿತು. ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಪೆಟ್ಟಿಗೆಯೊಂದು ಸೇರಿತು. ಪೆಟ್ಟಿಗೆ ತುಂಬಿದಾಗ ಗಾಡಿಯೇ ಅದನ್ನು ಸುಮಾರು 600 ಡಿಗ್ರಿ ಸೆಂಟಿಗ್ರೇಡಿನ ಉಷ್ಣದಲ್ಲಿ ಸುಟ್ಟು ಬರಿದುಮಾಡಿಕೊಳ್ಳುವದು. ಅದಕ್ಕೆ ಸ್ವಲ್ಪ ಹೊತ್ತು ಎಡೆಬಿಡದ ಓಟ ಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಎಂದು ಒಂದೆರಡು ಮೈಲು ಮಾತ್ರ ನಡೆಯುವ ಗಾಡಿಗೆ ಆ ಅವಕಾಶ ಸಿಗದೆ ಪೆಟ್ಟಿಗೆ ಕಟ್ಟಿಕೊಳ್ಳುವದು, ದೀಪ ಹತ್ತುವದು, ಶಕ್ತಿ ಕುಂದುವದು. ಇದು ಅಗ್ಗದ ಗಾಡಿಗಳ ವ್ಯಾಧಿಯೆಂದು ತಿಳಿಯಬಾರದು. ಬಾಳಿಕೆಗೆ ಲೋಕಪ್ರಸಿದ್ಧವಾದ ಹೈಲಕ್ಸ್ ಮತ್ತು ಅದರ ಸೋದರ ಮಾದರಿಗಳ ಸೋಸುಪೆಟ್ಟಿಗೆಯ ವ್ಯವಸ್ಥೆಯಲ್ಲಿ ದೋಷವಿತ್ತೆಂದು ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯವು 2022ರಲ್ಲಿ ನಿರ್ಣಯಿಸಿತು. 2015ರಿಂದ 2020ರ ವರೆಗೆ ಆ ದೇಶದಲ್ಲಿ ಮಾರಿದ 2,60,000ಕ್ಕೂ ಹೆಚ್ಚು ಗಾಡಿಗಳಿಗೆ ಆ ತೀರ್ಪು ಸಂಬಂಧಿಸಿತ್ತು. ಪರಿಹಾರದ ಮೊತ್ತದ ವಾದವು ಮೇಲಿನ ನ್ಯಾಯಾಲಯಗಳಲ್ಲಿ ಮುಂದುವರಿಯಿತು. ದೊಡ್ಡ ಹೆಸರು ಪರೀಕ್ಷೆಯಿಂದ ವಿನಾಯಿತಿ ಕೊಡುವದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ಹೊಲಕ್ಕಷ್ಟೇ ಹೋಗುವ ಗಾಡಿಯನ್ನು ವಾರಕ್ಕೊಮ್ಮೆಯಾದರೂ ದೊಡ್ಡ ರಸ್ತೆಯಲ್ಲಿ ಅರ್ಧ ತಾಸು ಒಂದೇ ಸಮನೆ ಓಡಿಸಬೇಕು. ಮಸಿ ಸುಡುತ್ತಿರುವಾಗ ಒಣ ರವದಿಯ ಮೇಲೆ ಗಾಡಿಯನ್ನು ನಿಲ್ಲಿಸಬಾರದು, ಬೆಂಕಿಯ ಭಯವುಂಟು. ರಾಡಿಯಿಂದ ಎಬ್ಬಿಸಲು ಹಾಕಿದ ರವದಿಯನ್ನು ಕೂಡ ಕೆಳಗಿನ ಕೊಳವೆಗೆ ಸಿಕ್ಕಿಕೊಂಡಿದೆಯೇ ಎಂದು ನೋಡಿ ತೆಗೆಯಬೇಕು. ಇನ್ನು ಕೆಲವು ಗಾಡಿಗಳಲ್ಲಿ ಹೊಗೆಯನ್ನು ಶುದ್ಧಗೊಳಿಸಲಿಕ್ಕೆ ಯೂರಿಯಾದ ದ್ರಾವಣದ ಪ್ರತ್ಯೇಕ ಟಾಕಿಯಿರುವದು. ಅದು ನೂರಕ್ಕೆ 32.5ರ ಪ್ರಮಾಣದಲ್ಲಿ ಶುದ್ಧ ಯೂರಿಯಾವನ್ನು ಖನಿಜರಹಿತ ನೀರಿನಲ್ಲಿ ಕರಗಿಸಿದ್ದು. ಮನೆಯಲ್ಲಿ ಗೊಬ್ಬರದ ಯೂರಿಯಾ ಇದ್ದೇ ಇರುವದಲ್ಲ ಎಂದು ಅದನ್ನೇ ಕದಡಿ ಸುರಿಯುವ ಜಾಣತನವನ್ನು ಯಾರೂ ಮಾಡಬಾರದು. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುವದು, ಕಲ್ಮಷಗಳೂ ಇರುವವು. ನೂರಾರು ರೂಪಾಯಿ ಉಳಿಸಹೋಗಿ ಲಕ್ಷದ ಸಮೀಪದ ದುರಸ್ತಿಯನ್ನು ತಂದುಕೊಂಡಂತಾಗುವದು.

ಕೊನೆಗೆ, ಹಳೆಯ ಪಿಕಪ್ಪನ್ನು ಕೊಳ್ಳುವವರಿಗೆ ನಾಲ್ಕು ಮಾತು. ಹೊಳಪಿನ ಬಣ್ಣವನ್ನು ನೋಡಬೇಡಿರಿ. ಗಾಡಿಯ ಕೆಳಗೆ ನೋಡಿರಿ. ಹೌಸಿಂಗಿನ ಎಣ್ಣೆಯ ಬಿರಡೆಯನ್ನು ಬಿಚ್ಚಿಸಿ, ಎಣ್ಣೆ ಬೆಳ್ಳಗಿದ್ದರೆ, ಇಲ್ಲವೆ ಅದರಲ್ಲಿ ಲೋಹದ ಚೂರುಗಳಿದ್ದರೆ ಆ ಗಾಡಿಯನ್ನು ಬಿಡಿರಿ. ಶಾಫ್ಟನ್ನು ಕೈಯಿಂದ ಹೊರಳಿಸಿ ಕ್ರಾಸಿನಲ್ಲಿ ಸಡಿಲಿದೆಯೇ ನೋಡಿರಿ. ಪಾಟಾಗಳನ್ನು ಕಾರಖಾನೆಯವರು ಕೊಟ್ಟಿದ್ದಕ್ಕಿಂತ ಹೆಚ್ಚಿಗೆ ಸೇರಿಸಿದ್ದರೆ, ಆ ಗಾಡಿಯು ಅತಿಭಾರದಲ್ಲಿಯೇ ಆಯುಷ್ಯ ಕಳೆದಿದೆಯೆಂದು ತಿಳಿಯಿರಿ. ಆಸನದ ಕೆಳಗೆ, ಚಾಪೆಯ ಅಡಿಯಲ್ಲಿ ಒಣಗಿದ ಕೆಸರಿದ್ದರೆ ಅದು ಮಹಾಪೂರವನ್ನು ಕಂಡ ಗಾಡಿಯಿರಬಹುದು. ನಾಲ್ಕು ಗಾಲಿಯ ಎಳೆತವುಳ್ಳದ್ದಾದರೆ ಮಣ್ಣಿನ ಮೇಲೆ ನಡೆಸಿ, ಮುಂದಿನ ಗಾಲಿಗಳು ನಿಜವಾಗಿಯೂ ಎಳೆಯುವವೇ ಎಂದು ಕಣ್ಣಾರೆ ಕಾಣಿರಿ. ನಿಮ್ಮ ನಂಬಿಕೆಯ ಮೇಸ್ತ್ರಿಯನ್ನು ಜೊತೆಗೆ ಕರೆದೊಯ್ದರೆ ಅವನಿಗೆ ಕೊಟ್ಟ ಕೂಲಿ ವ್ಯರ್ಥವಾಗುವದಿಲ್ಲ. ಬಿಡಿಭಾಗಗಳು ಜಮಖಂಡಿಯಲ್ಲಿಯೋ ಮುಧೋಳದಲ್ಲಿಯೋ ಸಿಗುವವೇ, ಹುಬ್ಬಳ್ಳಿ ಬೆಳಗಾವಿಗಳ ದಾರಿ ಕಾಯಬೇಕೇ ಎಂಬುದನ್ನೂ ಮೊದಲೇ ವಿಚಾರಿಸಿರಿ. ಕಬ್ಬಿನ ಹಂಗಾಮಿನಲ್ಲಿ ಹತ್ತು ದಿನ ನಿಂತ ಗಾಡಿಯು ತಿಂಗಳ ಕಂತನ್ನು ನುಂಗಿಬಿಡುವದು.

ಮನೆಯ ಯಜಮಾನಿಗೂ ಈ ಲೆಕ್ಕವು ತಿಳಿದಿರಲಿ. ಬಂಗಾರ ಒತ್ತೆ ಹೋಗುವದು ಅವಳದು. ಕಂತು ತಪ್ಪಿದಾಗ ಬಾಗಿಲಿಗೆ ಬಂದ ವಸೂಲಿಯವನಿಗೆ ಉತ್ತರ ಕೊಡುವವಳೂ ಅವಳೇ. ನಾವು ದಿನಾಲು ನಡೆಯುವ ದಾರಿ ಎಂಥದು, ಹೇರುವ ಭಾರ ಎಷ್ಟು, ವರ್ಷದಲ್ಲಿ ರಾಡಿಯ ದಿನಗಳು ಎಷ್ಟು—ಈ ಮೂರನ್ನು ಗಂಡಹೆಂಡಿರು ಕೂಡಿ ಒಂದು ಕಾಗದದ ಮೇಲೆ ಬರೆದುಕೊಂಡು, ಅನಂತರ ಮಾರುವವನ ಅಂಗಡಿಯನ್ನು ಮೆಟ್ಟುವದು ಲೇಸು. ಅದೇ ಕಾಗದದ ಬೆನ್ನಿಗೆ ಅಚ್ಚಿನ ಎಣ್ಣೆ ಬದಲಿಸಿದ ದಿನವನ್ನು ಬರೆದಿಡುತ್ತ ಬಂದರೆ ಗಾಡಿಯು ಸಾಲ ತೀರುವ ವರೆಗೆ ಮಾತ್ರವಲ್ಲ, ತೀರಿದ ಮೇಲೆಯೂ ಮನೆಯನ್ನು ಸಾಕುವದು.